ಸಿಸೇರಿಯನ್ ಆದ ಮೇಲೆ ಮತ್ತೊಂದು ಮಗುವಿಗೆ ಚಿಕಿತ್ಸೆ

ಮೊದಲ ಮಗು ಆಪರೇಷನ್ ಮೂಲಕ ಹುಟ್ಟಿದೆ. ಎರಡನೆಯದು ನಿಲ್ಲುತ್ತಿಲ್ಲ. ಹಳೆಯ ಆಪರೇಷನ್ ಚಿಕಿತ್ಸೆಗೆ ಅಡ್ಡಿಯಾಗುವುದೇ? ಅನೇಕ ಮನೆಗಳಲ್ಲಿ ಈ ಚಿಂತೆ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 100 ಹೆರಿಗೆಗಳಲ್ಲಿ ಸುಮಾರು 31 ಸಿಸೇರಿಯನ್. ಆದ್ದರಿಂದ ಇದನ್ನು ಸರಿಯಾಗಿ ತಿಳಿದುಕೊಳ್ಳೋಣ.

ಹೆಚ್ಚಿನವರಿಗೆ ಅಡ್ಡಿಯಾಗುವುದಿಲ್ಲ. ಆದರೆ ಚಿಕಿತ್ಸೆಗೆ ಮೊದಲು ಗರ್ಭಕೋಶದ ಹಳೆಯ ಹೊಲಿಗೆಯನ್ನು ಒಮ್ಮೆ ಪರೀಕ್ಷಿಸಬೇಕು.

ಕೆಲವರಲ್ಲಿ ಹೊಲಿಗೆ ಹಾಕಿದ ಜಾಗ ಸಮನಾಗಿ ಕೂಡದೆ ಒಳಗಡೆ ಸಣ್ಣ ಗುಳಿ ಉಳಿಯುತ್ತದೆ. ಅದರಲ್ಲಿ ಮುಟ್ಟಿನ ರಕ್ತ ನಿಲ್ಲುತ್ತದೆ. ಮುಟ್ಟು ಮುಗಿದ ಮೇಲೂ ಕೆಲವು ದಿನ ಕಂದು ಬಣ್ಣದ ಸ್ರಾವ ಕಾಣಿಸಿಕೊಳ್ಳುವುದು ಇದರ ಲಕ್ಷಣವಾಗಿರಬಹುದು. ಆ ದ್ರವ ಗರ್ಭಕೋಶದೊಳಗೆ ಸೇರಿದರೆ ಭ್ರೂಣ ಅಂಟಿಕೊಳ್ಳುವುದು ಕಷ್ಟ. ಸಹಜ ಹೆರಿಗೆಯಾದವರಿಗಿಂತ ಸಿಸೇರಿಯನ್ ಆದವರಲ್ಲಿ ಐವಿಎಫ್ ಯಶಸ್ಸು ಸ್ವಲ್ಪ ಕಡಿಮೆ ಎಂದು ಹಲವು ಅಧ್ಯಯನಗಳು ಹೇಳಲು ಇದೊಂದು ಕಾರಣ.

ಒಳಗಿನಿಂದ ಮಾಡುವ ಸ್ಕ್ಯಾನಿಂಗ್‌ನಲ್ಲಿ ಈ ಗುಳಿ ಕಾಣುತ್ತದೆ. ಕಂಡ ಮಾತ್ರಕ್ಕೆ ಎಲ್ಲರಿಗೂ ಆಪರೇಷನ್ ಬೇಕಿಲ್ಲ. ದ್ರವ ನಿಂತಿದೆಯೇ, ಉಳಿದ ಸ್ನಾಯು ಎಷ್ಟು ದಪ್ಪವಿದೆ ಎಂಬುದನ್ನು ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಹಿಂದಿನ ಹೆರಿಗೆಯ ಡಿಸ್ಚಾರ್ಜ್ ಪತ್ರವನ್ನು ಮರೆಯದೆ ಕೊಂಡೊಯ್ಯೋಣ. ಗರ್ಭಕೋಶವನ್ನು ಅಡ್ಡಲಾಗಿ ಕೊಯ್ದಿದ್ದರೋ ಉದ್ದಕ್ಕೋ ಎಂಬುದು ಹೊರಗಿನ ಗುರುತಿನಿಂದ ಗೊತ್ತಾಗುವುದಿಲ್ಲ.

ಹೆರಿಗೆಯಾದ ಮೇಲೆ ಮುಂದಿನ ಗರ್ಭಕ್ಕೆ ಕನಿಷ್ಠ 24 ತಿಂಗಳ ಅಂತರವಿರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವಯಸ್ಸು 35 ದಾಟಿದವರು ಆ ಅವಧಿ ಮುಗಿಯುವ ಮೊದಲೇ ವೈದ್ಯರನ್ನು ಕಂಡು ಮಾತನಾಡುವುದು ಒಳ್ಳೆಯದು.

ಒಂದೇ ಖರ್ಚಿನಲ್ಲಿ ಎರಡು ಮಕ್ಕಳಾಗಲಿ ಎಂದು ಎರಡು ಭ್ರೂಣ ಇಡಲು ಕೇಳುವವರಿದ್ದಾರೆ. ಅವಳಿ ಗರ್ಭದಲ್ಲಿ ಅವಧಿಗೆ ಮುನ್ನ ಹೆರಿಗೆಯ ಅಪಾಯ ಹೆಚ್ಚು, ಹೊಲಿಗೆ ಬಿದ್ದ ಗರ್ಭಕೋಶಕ್ಕೂ ಹೊರೆ ಹೆಚ್ಚು. ಸಾಮಾನ್ಯವಾಗಿ ಒಂದು ಭ್ರೂಣವೇ ಕ್ಷೇಮ.

ಗರ್ಭ ನಿಂತಿತೆಂದು ತಿಳಿದ ಮೇಲೆ 6-7 ವಾರಕ್ಕೆ ಸ್ಕ್ಯಾನಿಂಗ್ ತಪ್ಪಿಸಬಾರದು. ಅಪರೂಪಕ್ಕೆ ಗರ್ಭ ಹಳೆಯ ಗಾಯದ ಮೇಲೆಯೇ ಕೂರುತ್ತದೆ. ಅದು ತಾಯಿಯ ಜೀವಕ್ಕೇ ಅಪಾಯ. ಮುಂದೆ ಮಾಸು ಆ ಜಾಗದಲ್ಲಿದೆಯೇ ಎಂದೂ ನೋಡಿಸಬೇಕು.

ಇನ್ನೊಂದು ಮಾತು. ಎರಡನೇ ಮಗು ತಡವಾದರೆ "ಹೊಟ್ಟೆ ಕೊಯ್ದಿದ್ದಕ್ಕೇ ಹೀಗಾಯಿತು" ಎಂದು ಸೊಸೆಯನ್ನು ಚುಚ್ಚುವುದುಂಟು. ಒಂದು ಮಗುವಿನ ತಂದೆಯಾದವರಲ್ಲಿಯೂ ನಂತರ ವೀರ್ಯದ ದೋಷ ಬರಬಹುದು. ಆ ಪರೀಕ್ಷೆ ಸುಲಭ, ಖರ್ಚೂ ಕಡಿಮೆ. ಆದ್ದರಿಂದ ಮೊದಲ ದಿನವೇ ಗಂಡ ಹೆಂಡತಿ ಇಬ್ಬರೂ ಜೊತೆಯಾಗಿ ವೈದ್ಯರ ಬಳಿ ಹೋಗಲಿ.