ಏರುಗೋಲುಗಳ ಕಟ್ಟು

ಅಡಿಗೆಮನೆಯಲ್ಲಿ ಆರು ಲೋಟಗಳನ್ನು ಬಿಡಿಬಿಡಿಯಾಗಿ ಜೋಡಿಸಿದರೆ ಹಲಗೆಯ ಬಹುಭಾಗ ತುಂಬಿಹೋಗುವುದು. ಬಾಯಗಲದ ಆ ಲೋಟಗಳನ್ನೇ ಒಂದರೊಳಗೊಂದು ಇಳಿಸಿಟ್ಟರೆ ಅಂಗೈಯಗಲದ ಸ್ಥಳ ಸಾಕು. ಇದರಿಂದ ಲೋಟಗಳ ಲೋಹವೇನೂ ಕಡಿಮೆಯಾಗಲಿಲ್ಲ. ಅವುಗಳೊಳಗಿನ ಬರಿದಾದ ಸ್ಥಳವು ಉಪಯೋಗಕ್ಕೆ ಬಂದಿತು, ಅಷ್ಟೆ. ಇದೇ ಸರಳ ತತ್ತ್ವವು ಅಮೆರಿಕದ ಬಿಲ್ಲುಬೇಟೆಗಾರರ ಬೆನ್ನಿನ ಹೊರೆಯನ್ನು ಹೇಗೆ ಹಗುರವೆನಿಸುವಂತೆ ಮಾಡುವುದೆಂಬುದನ್ನು ನೋಡೋಣ.

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಪರವಾನಗಿ ಪಡೆದು ಬಿಳಿಬಾಲದ ಜಿಂಕೆಯನ್ನು ಬೇಟೆಯಾಡುವವರಲ್ಲಿ ಅನೇಕರು ನೆಲದಿಂದ ಐದಾರು ಮೀಟರ್ ಎತ್ತರದಲ್ಲಿ, ಮರದ ಮೇಲೆ ಕಾದು ಕುಳಿತಿರುವರು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೇರೆಗೆ ಜಿಂಕೆಯ ಬೇಟೆ ಇಂದು ಅಪರಾಧ. ಆದುದರಿಂದ ನಮಗೆ ಇಲ್ಲಿ ಬೇಕಾದುದು ಬೇಟೆಯಲ್ಲ, ಮರವೇರುವ ಸಾಧನದಲ್ಲಿ ಅಡಗಿರುವ ಭೌತವಿಜ್ಞಾನ.

ಆ ಸಾಧನಕ್ಕೆ ಏರುಗೋಲು ಎನ್ನೋಣ. ಇದು ಸಾಮಾನ್ಯವಾಗಿ ಅರ್ಧ ಮೀಟರಿನಿಂದ 80 ಸೆಂಟಿಮೀಟರಿನಷ್ಟು ಉದ್ದವಾದ ಅಲ್ಯುಮಿನಿಯಮ್ ಕೊಳವೆ. ಅದಕ್ಕೆ ಕಾಲಿಡಲು ಮೆಟ್ಟುಗಳಿರುವುವು. ಹಿಂಬದಿಯಲ್ಲಿ ಮರಕ್ಕೆ ಆನಿಕೊಳ್ಳುವ ಎರಡು ಕವೆಗಳಿರುವುವು. ಕೋಲನ್ನು ಒಂದು ಪಟ್ಟಿಯಿಂದ ಕಾಂಡಕ್ಕೆ ಬಿಗಿಯುವರು. ಇಂತಹ ಮೂರು ನಾಲ್ಕು ಕೋಲುಗಳನ್ನು ಒಂದರ ಮೇಲೊಂದು ಕಟ್ಟಿದರೆ ಏಣಿಯಾಯಿತು. ಕೆಲವು ಸಂಸ್ಥಾನಗಳ ಸಾರ್ವಜನಿಕ ಅರಣ್ಯಗಳಲ್ಲಿ ಸಾಧನಗಳನ್ನು ಮರದಲ್ಲೇ ಬಿಟ್ಟುಬರುವಂತಿಲ್ಲ. ದಿನವೂ ಎಲ್ಲವನ್ನೂ ಹೊತ್ತೊಯ್ದು, ಹೊತ್ತು ತರಬೇಕು.

ಕಟ್ಟನ್ನು ಕಿರಿದುಗೊಳಿಸಲು ಕವೆಗಳನ್ನೇ ತೆಗೆದುಹಾಕಬಾರದೇಕೆ? ಎರಡು ಕಾರಣಗಳುಂಟು. ಮೊದಲನೆಯದು, ಮರಕ್ಕೂ ಮೆಟ್ಟಿಗೂ ನಡುವೆ ಅಂತರವಿಲ್ಲದಿದ್ದರೆ ಪಾದದ ತುದಿ ಮಾತ್ರ ಮೆಟ್ಟಿನ ಮೇಲೆ ನಿಲ್ಲುವುದು. ಎರಡನೆಯದು ಇನ್ನೂ ಸ್ವಾರಸ್ಯವಾದುದು. ಮೆಟ್ಟು ಮರದಿಂದ ಕೊಂಚ ಹೊರಗಿರುವುದರಿಂದ, ಹತ್ತುವವನ ಭಾರವು ಕೋಲಿನ ಮೇಲ್ತುದಿಯನ್ನು ಹೊರಕ್ಕೆ ವಾಲಿಸಲು ಯತ್ನಿಸುವುದು. ಪಟ್ಟಿ ಅದನ್ನು ತಡೆಯುವುದು. ಆಗ ಕೆಳಗಿನ ಕವೆಯು ತೊಗಟೆಗೆ ಬಲವಾಗಿ ಒತ್ತಿಕೊಳ್ಳುವುದು. ಒತ್ತುವ ಬಲ ಹೆಚ್ಚಿದಷ್ಟೂ ಘರ್ಷಣೆ ಹೆಚ್ಚುವುದಷ್ಟೆ. ಹೀಗೆ ಜಾರಿಸಬೇಕಾದ ಭಾರವೇ ಹಿಡಿತಕ್ಕೂ ನೆರವಾಗುವುದು. ಎರಡು ಪಾದಗಳನ್ನೂ ಹಗ್ಗದ ಬಳೆಯೊಂದರಲ್ಲಿ ಸೇರಿಸಿಕೊಂಡು ಅಡಕೆಮರವೇರುವವರನ್ನು ನಮ್ಮ ಮಲೆನಾಡಿನಲ್ಲಿ ನೋಡಿದವರಿಗೆ ಇದು ಹೊಸತಲ್ಲ. ಅಲ್ಲಿಯೂ ದೇಹದ ಭಾರವೇ ಪಾದಗಳನ್ನು ಕಾಂಡಕ್ಕೆ ಒತ್ತಿಸುವುದು.

ಅಂದಮೇಲೆ ಕವೆಯ ಅಂತರವನ್ನು ಅಳಿಸುವಂತಿಲ್ಲ. ಆದರೆ ಆ ಅಂತರದೊಳಗೆ ಇನ್ನೊಂದು ಕೋಲನ್ನು ಕೂರಿಸಬಹುದು. ಉದಾಹರಣೆಗೆ, ಕವೆಯೂ ಸೇರಿ ಪ್ರತಿಯೊಂದು ಕೋಲು 12 ಸೆಂಟಿಮೀಟರ್ ದಪ್ಪವಿದೆಯೆಂದೂ ಒಂದು ಕಿಲೋಗ್ರಾಂ ತೂಗುವುದೆಂದೂ ಭಾವಿಸೋಣ. ನಾಲ್ಕನ್ನು ಸುಮ್ಮನೆ ಒಂದರ ಹಿಂದೊಂದು ಇಟ್ಟರೆ ಕಟ್ಟಿನ ದಪ್ಪ 48 ಸೆಂಟಿಮೀಟರ್. ಒಂದರ ಕವೆಯು ಮುಂದಿನದರ ಕೊಳವೆಯನ್ನು ತಬ್ಬಿ ಕೂರುವಂತೆ ಜೋಡಿಸಿ, ಮೆಟ್ಟುಗಳನ್ನು ಕೊಳವೆಯ ಪಕ್ಕಕ್ಕೆ ಮಡಿಸಿದರೆ, ಮೊದಲನೆಯದರ ಮೇಲೆ ಪ್ರತಿ ಕೋಲೂ 4 ಸೆಂಟಿಮೀಟರನ್ನು ಮಾತ್ರ ಕೂಡಿಸೀತು. ಆಗ ಒಟ್ಟು ದಪ್ಪ 24 ಸೆಂಟಿಮೀಟರ್.

ತೂಕ ಅಷ್ಟೇ ಇರುವಾಗ ಲಾಭವೇನು? ಕಟ್ಟಿನ ಗುರುತ್ವಕೇಂದ್ರವು ಬೆನ್ನಿನಿಂದ 24 ಸೆಂಟಿಮೀಟರ್ ದೂರದಲ್ಲಿದ್ದುದು 12ಕ್ಕೆ ಬಂದಿತು. ನಾಲ್ಕು ಕಿಲೋಗ್ರಾಮಿನ ಭಾರ ಸುಮಾರು 39 ನ್ಯೂಟನ್. ಭಾರವನ್ನು ದೂರದಿಂದ ಗುಣಿಸಿದರೆ, ಹೊತ್ತವನನ್ನು ಹಿಂದಕ್ಕೆಳೆಯುವ ಪರಿಣಾಮವು 9.4 ನ್ಯೂಟನ್-ಮೀಟರಿನಿಂದ 4.7ಕ್ಕೆ, ಅಂದರೆ ಅರ್ಧಕ್ಕೆ, ಇಳಿಯುವುದು. ಅಷ್ಟರಮಟ್ಟಿಗೆ ಅವನು ಮುಂದಕ್ಕೆ ಬಾಗಿ ನಡೆಯಬೇಕಾದುದು ತಪ್ಪುವುದು. ಲೋಹಕ್ಕೆ ಲೋಹ ತಗಲಿ ಸದ್ದಾಗದಂತೆ ಸಂಧಿಗಳಿಗೆ ಬಟ್ಟೆಯ ಪಟ್ಟಿಯನ್ನು ಸುತ್ತುವರು. ಕಟ್ಟು ಸಡಿಲವಾಗಿದ್ದರೆ ಹೆಜ್ಜೆಹೆಜ್ಜೆಗೂ ಅಲುಗಾಡುವುದರಿಂದ ಅದನ್ನು ಎರಡು ಕಡೆ ಬಿಗಿಯುವುದು ಲೇಸು.

ಕೋಲುಗಳ ಸಂಖ್ಯೆಯನ್ನೇ ಕಡಿಮೆ ಮಾಡುವವರೂ ಉಂಟು. ಕೋಲಿನ ಕೆಳಗೆ ಮಡಿಸಬಹುದಾದ ಪಟ್ಟಿಯ ಮೆಟ್ಟನ್ನು ತೂಗುಬಿಟ್ಟರೆ ಎರಡು ಕೋಲುಗಳ ನಡುವಣ ಅಂತರವನ್ನು ಹೆಚ್ಚಿಸಬಹುದು. ಆದರೆ ತೂಗುವ ಮೆಟ್ಟು ಕಾಲಿನಡಿಯಲ್ಲಿ ಓಲಾಡುವುದು; ಹೊರೆಯಲ್ಲಿ ಉಳಿಸಿದುದನ್ನು ಎಚ್ಚರಿಕೆಯಲ್ಲಿ ತೆರಬೇಕು.

ಹೊರೆಯಿಂದ ಎಂದಿಗೂ ಕೈಬಿಡಬಾರದ ವಸ್ತುವೊಂದಿದೆ: ಮೈಗೆ ತೊಟ್ಟು ಮರಕ್ಕೆ ಬಿಗಿದುಕೊಳ್ಳುವ ರಕ್ಷಣಾ ಪಟ್ಟಿ. ಐದು ಮೀಟರ್ ಎತ್ತರದಿಂದ ಬಿದ್ದವನು ಒಂದೇ ಸೆಕೆಂಡಿನಲ್ಲಿ ನೆಲ ಸೇರುವನು. ಆಗ ಅವನ ವೇಗ ಗಂಟೆಗೆ ಸುಮಾರು 36 ಕಿಲೋಮೀಟರ್. ಒದ್ದೆಯಾದ ತೊಗಟೆ, ಸವೆದ ಪಟ್ಟಿ, ಅರೆಬರೆ ಬಿಗಿದ ಕೋಲು, ಇವುಗಳಲ್ಲಿ ಯಾವುದೊಂದಾದರೂ ಇದಕ್ಕೆ ಸಾಕು. ಸ್ಥಳವನ್ನು ಉಳಿಸುವ ಜಾಣ್ಮೆ ಬರಿದಾದ ಸ್ಥಳವನ್ನು ತುಂಬುವುದರಲ್ಲಿದೆ. ಪ್ರಾಣವನ್ನು ಕಾಯುವ ವಸ್ತುವನ್ನು ಮನೆಯಲ್ಲಿ ಬಿಟ್ಟುಹೋಗುವುದರಲ್ಲಿಲ್ಲ.