ಹಿಂದಿನ ಚಕ್ರದ ನಾಡಿಪರೀಕ್ಷೆ

ನಾನು ಕಾಲೇಜಿನಲ್ಲಿ ಓದುತ್ತಿದ್ದಾಗ, ಒಂದು ಮಳೆಗಾಲದ ಕೊನೆಯಲ್ಲಿ, ನನ್ನ ಸೈಕಲ್ಲಿನ ಹಿಂದಿನ ಚಕ್ರ ಕರಕರನೆ ಸದ್ದು ಮಾಡತೊಡಗಿತು. ಸದ್ದು ಎಲ್ಲಿಂದ ಹುಟ್ಟುವುದೆಂದು ವಿಚಾರಿಸದೆಯೇ ಚೈನನ್ನು ಬದಲಾಯಿಸಿದೆ, ಸದ್ದು ನಿಲ್ಲಲಿಲ್ಲ. ಫ್ರೀವೀಲನ್ನು ಬದಲಾಯಿಸಿದೆ, ಆಗಲೂ ನಿಲ್ಲಲಿಲ್ಲ. ಕೂಡಿಟ್ಟಿದ್ದ ಹಣ ಮುಗಿದುದರಿಂದ ಆ ಸದ್ದಿನೊಡನೆಯೇ ಇನ್ನೆರಡು ತಿಂಗಳು ತಿರುಗಾಡಿದೆ. ಕೊನೆಗೆ ಚಕ್ರದ ನಾಭಿಯನ್ನು ಬಿಚ್ಚಿಸಿದಾಗ ಒಳಭಾಗವೆಲ್ಲ ಸವೆದು ಹಾಳಾಗಿತ್ತು. ಒಂದು ಕೋನ್, ಕೆಲವು ಗುಂಡುಗಳು, ಒಂದಿಷ್ಟು ಗ್ರೀಸು, ಇಷ್ಟರಲ್ಲಿ ಮುಗಿಯಬಹುದಾಗಿದ್ದ ಕೆಲಸಕ್ಕೆ ನಾಭಿಯನ್ನೇ ಬದಲಿಸಿ 40 ಕಡ್ಡಿಗಳನ್ನೂ ಹೊಸದಾಗಿ ಹೆಣೆಯಿಸಬೇಕಾಯಿತು. ಸದ್ದನ್ನು ಕ್ರಮವಾಗಿ ಪರೀಕ್ಷಿಸುವ ಬಗೆಯನ್ನು ಅರಿತಿದ್ದರೆ ಆ ಹಣವೆಲ್ಲ ಉಳಿಯುತ್ತಿತ್ತು. ಆ ಬಗೆಯನ್ನು ಇಲ್ಲಿ ವಿವರಿಸುವೆನು.

ನಾಭಿಗೆ ಸೈಕಲ್ ಅಂಗಡಿಗಳಲ್ಲಿ ‘ಹಬ್’ ಎನ್ನುವರು. ಅದರ ನಡುವೆ ಹಾದುಹೋಗುವ ಅಚ್ಚು, ಅಂದರೆ ಆಕ್ಸಲ್, ತಿರುಗುವುದಿಲ್ಲ. ಅದನ್ನು ನಟ್ಟುಗಳಿಂದ ಚೌಕಟ್ಟಿಗೆ ಬಿಗಿದಿರುವರು. ಅಚ್ಚಿನ ಎರಡು ಬದಿಗಳಲ್ಲಿಯೂ ಶಂಕುವಿನ ಆಕಾರದ ಒಂದೊಂದು ಉಕ್ಕಿನ ತುಂಡು ತಿರುಪಿನ ಮೇಲೆ ಕುಳಿತಿರುವುದು, ಇದೇ ಕೋನ್. ಅದಕ್ಕೆ ಎದುರಾಗಿ ಹಬ್ಬಿನೊಳಗೆ ಬಟ್ಟಲಿನಂತಹ ಉಕ್ಕಿನ ಹಾದಿಯಿರುವುದು. ಇವೆರಡರ ನಡುವೆ, ಸಾಧಾರಣ ಸೈಕಲ್ಲಿನಲ್ಲಿ, ಕಾಲು ಅಂಗುಲ ವ್ಯಾಸದ ಒಂಬತ್ತು ಗುಂಡುಗಳು ಗ್ರೀಸಿನಲ್ಲಿ ಮುಳುಗಿ ಉರುಳುವುವು.

ಜಾರುವಾಗಿನ ಘರ್ಷಣೆಗಿಂತ ಉರುಳುವಾಗಿನ ಘರ್ಷಣೆ ಬಹಳ ಕಡಿಮೆ. ಈ ತತ್ತ್ವವನ್ನು ಸೈಕಲ್ಲಿಗೆ ಅಳವಡಿಸಿ ಪ್ಯಾರಿಸ್ ನಗರದ ಜೂಲ್ ಸೂರಿರೇ ಎಂಬಾತನು 1869ರಲ್ಲಿ ಪೇಟೆಂಟು ಪಡೆದನು. ಅದೇ ವರ್ಷದ ನವೆಂಬರಿನಲ್ಲಿ ಪ್ಯಾರಿಸಿನಿಂದ ರೂಆನ್ ನಗರದವರೆಗೆ ನಡೆದ ಪಂದ್ಯವನ್ನು ಜೇಮ್ಸ್ ಮೂರ್ ಗೆದ್ದುದು ಇಂತಹ ಗುಂಡುಗಳನ್ನುಳ್ಳ ಸೈಕಲ್ಲಿನ ಮೇಲೆಯೇ.

ಈಗ ಪರೀಕ್ಷೆಗೆ ತೊಡಗೋಣ. ಸಮತಟ್ಟಾದ, ಜನಸಂಚಾರವಿಲ್ಲದ ರಸ್ತೆಯಲ್ಲಿ ಸ್ವಲ್ಪ ದೂರ ಪೆಡಲು ತುಳಿಯಿರಿ. ಅನಂತರ ಕಾಲುಗಳನ್ನು ನಿಲ್ಲಿಸಿ ಸೈಕಲ್ಲನ್ನು ತಾನಾಗಿಯೇ ಹೋಗಗೊಡಿರಿ. ತುಳಿಯುವಾಗ ಫ್ರೀವೀಲಿನೊಳಗಿನ ಪುಟ್ಟ ಕೊಕ್ಕೆಗಳು ಹಲ್ಲುಗಳನ್ನು ಕಚ್ಚಿಕೊಂಡಿರುವುದರಿಂದ ಅದೂ ಹಬ್ಬೂ ಒಂದೇ ವಸ್ತುವಿನಂತೆ ತಿರುಗುವುವು. ತುಳಿಯುವುದನ್ನು ನಿಲ್ಲಿಸಿದಾಗ ಆ ಕೊಕ್ಕೆಗಳು ಹಲ್ಲುಗಳ ಮೇಲೆ ಜಾರಿ ಟಿಕ್‌ಟಿಕ್ ಎನ್ನುವುವು. ಇದು ಸಹಜವಾದ ಸದ್ದು. ಕರಕರ ಶಬ್ದವು ತುಳಿಯುವಾಗ ಮಾತ್ರ ಕೇಳಿಸಿದರೆ ಮೊದಲು ಸಂದೇಹಿಸಬೇಕಾದುದು ಚೈನು, ಪೆಡಲು ಮತ್ತು ಕ್ರ್ಯಾಂಕುಗಳನ್ನು. ನಿಲ್ಲಿಸಿದಾಗ ಮಾತ್ರ ಕೇಳಿಸಿದರೆ ಫ್ರೀವೀಲನ್ನು. ಎರಡು ಸಂದರ್ಭಗಳಲ್ಲಿಯೂ ಒಂದೇ ಸಮನಾಗಿ ಕೇಳಿಸಿದರೆ ದೋಷವು ಚಕ್ರದ ಜೊತೆಗೇ ಇರುವುದು: ಹಬ್ಬಿನಲ್ಲಿಯೋ, ರಿಮ್ಮಿಗೆ ಉಜ್ಜುವ ಬ್ರೇಕಿನಲ್ಲಿಯೋ, ಟೈರಿಗೆ ತಗಲುವ ಮಡ್‌ಗಾರ್ಡಿನಲ್ಲಿಯೋ. ನನ್ನ ಸದ್ದು ಈ ಮೂರನೆಯ ಬಗೆಯದಾಗಿತ್ತು. ಒಂದು ನಿಮಿಷದ ಈ ಪರೀಕ್ಷೆಯನ್ನು ಮಾಡಿದ್ದರೆ ಚೈನನ್ನೂ ಫ್ರೀವೀಲನ್ನೂ ನಾನು ಮುಟ್ಟುತ್ತಲೇ ಇರಲಿಲ್ಲ.

ಬಳಿಕ ಸೈಕಲ್ಲನ್ನು ಸೀಟು ಮತ್ತು ಹ್ಯಾಂಡಲಿನ ಮೇಲೆ ತಲೆಕೆಳಗಾಗಿ ನಿಲ್ಲಿಸಿರಿ. ಬ್ರೇಕೂ ಮಡ್‌ಗಾರ್ಡೂ ತಗಲದಂತೆ ಮಾಡಿ, ಚೈನನ್ನು ಫ್ರೀವೀಲಿನಿಂದ ಕಳಚಿ, ಚಕ್ರವನ್ನು ಮೆಲ್ಲಗೆ ಹಿಮ್ಮುಖವಾಗಿ ತಿರುಗಿಸಿರಿ. ಹಿಮ್ಮುಖವಾಗಿ ತಿರುಗುವಾಗ ಫ್ರೀವೀಲು ಟಿಕ್‌ಟಿಕ್ ಎನ್ನದೆ ಚಕ್ರದೊಡನೆ ಸುಮ್ಮನೆ ಸುತ್ತುವುದು. ಈಗ ಸದ್ದು ಮಾಡಬಲ್ಲುದು ಹಬ್ಬೊಂದೇ. ಒಂದು ಗೇಣುದ್ದದ ಮರದ ಕೋಲಿನ ಒಂದು ತುದಿಯನ್ನು ಅಚ್ಚಿನ ನಟ್ಟಿನ ಮೇಲಿಟ್ಟು, ಇನ್ನೊಂದು ತುದಿಯನ್ನು ಕಿವಿಯ ಮುಂದಿನ ಮೂಳೆಗೆ ತಾಗಿಸಿ ಆಲಿಸಿರಿ. ಕೂದಲಾಗಲಿ ಬಟ್ಟೆಯಾಗಲಿ ಕಡ್ಡಿಗಳಿಗೆ ಸಿಕ್ಕದಂತೆ ಎಚ್ಚರವಿರಲಿ. ಘನವಸ್ತುವಿನ ಮೂಲಕ ಶಬ್ದ ಚೆನ್ನಾಗಿ ಹರಿಯುವುದು. ಫ್ರಾನ್ಸಿನ ವೈದ್ಯ ಲೆನೆಕ್ 1816ರಲ್ಲಿ ಕಾಗದದ ಸುರುಳಿಯೊಂದನ್ನು ರೋಗಿಯ ಎದೆಗಿಟ್ಟು ಆಲಿಸಿ ಸ್ಟೆತಾಸ್ಕೋಪಿಗೆ ನಾಂದಿ ಹಾಡಿದುದನ್ನು ಇಲ್ಲಿ ನೆನೆಯಬಹುದು. ಎಡಗಡೆಯನ್ನೂ ಬಲಗಡೆಯನ್ನೂ ಹೋಲಿಸಿದರೆ ಯಾವ ಬದಿಯಲ್ಲಿ ದೋಷವಿದೆಯೆಂಬುದೂ ತಿಳಿಯುವುದು.

ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಲು ಇನ್ನೊಂದು ಕಾರಣವೂ ಉಂಟು. ಸವಾರನ ಭಾರ ಅಚ್ಚನ್ನು ಕೆಳಕ್ಕೆ ಒತ್ತುವುದರಿಂದ ಕೋನಿನ ಕೆಳಭಾಗವೇ ಗುಂಡುಗಳನ್ನು ಅದುಮುವುದು. ಬಟ್ಟಲು ಚಕ್ರದೊಡನೆ ಸುತ್ತುವುದರಿಂದ ಅದರ ಸವೆತ ಸುತ್ತಲೂ ಹಂಚಿಹೋಗುವುದು. ಕೋನ್ ತಿರುಗದುದರಿಂದ ಏಟೆಲ್ಲ ಒಂದೇ ಕಡೆಗೆ ಬೀಳುವುದು. ಆದುದರಿಂದಲೇ ಮೊದಲು ಹಳ್ಳ ಬೀಳುವುದು ಬಹುಮಟ್ಟಿಗೆ ಕೋನಿನ ಕೆಳಭಾಗದಲ್ಲಿ. ಸೈಕಲ್ಲನ್ನು ತಲೆಕೆಳಗು ಮಾಡಿದಾಗ ಆ ಭಾಗ ಮೇಲಕ್ಕೆ ಬಂದು, ಚಕ್ರದ ತೂಕ ಅದರ ಮೇಲೆಯೇ ಕೂರುವುದು. ಅಡಗಿದ್ದ ದೋಷ ಹೊರಬೀಳುವುದು.

ಸದ್ದನ್ನು ಎಣಿಸಲೂಬಹುದು. ಸುತ್ತಿಗೆ ಒಂದೇ ಸಲ ಕೇಳಿಸಿದರೆ ರಿಮ್ಮನ್ನೋ ಟೈರನ್ನೋ ಸಂದೇಹಿಸಿರಿ. ಚಕ್ರ ಒಂದು ಸುತ್ತು ಬರುವಷ್ಟರಲ್ಲಿ ಗುಂಡುಗಳ ಸಾಲು ಅರ್ಧ ಸುತ್ತಿಗಿಂತ ತುಸು ಹೆಚ್ಚು ಸಾಗುವುದರಿಂದ, ಕೋನಿನ ಒಂದು ಹಳ್ಳವನ್ನು ಸುಮಾರು ಐದು ಗುಂಡುಗಳಾದರೂ ದಾಟುವುವು. 28 ಅಂಗುಲದ ಚಕ್ರದ ಸುತ್ತಳತೆ ಸುಮಾರು 2.2 ಮೀಟರು. ದಿನಕ್ಕೆ 10 ಕಿಲೋಮೀಟರು ಓಡಾಡುವ ವಿದ್ಯಾರ್ಥಿಯ ಚಕ್ರ ಸುಮಾರು 4,500 ಸುತ್ತು ಸುತ್ತುವುದು. ಹಳ್ಳದ ಅಂಚಿಗೆ 22,000ಕ್ಕೂ ಮಿಕ್ಕಿ ಏಟುಗಳು ಬೀಳುವುವು. ಪ್ರತಿ ಏಟಿಗೂ ಅಂಚು ಉದುರುವುದು. ಉದುರಿದ ಉಕ್ಕಿನ ಚೂರು ಗ್ರೀಸಿನಲ್ಲಿ ಬೆರೆತು ಗುಂಡುಗಳನ್ನೂ ಬಟ್ಟಲನ್ನೂ ಕೆರೆಯುವುದು. ಎರಡು ತಿಂಗಳಲ್ಲಿ ನನ್ನ ಹಬ್ಬು ಹಾಳಾದುದು ಹೀಗೆ.

ದೋಷ ಹಬ್ಬಿನಲ್ಲಿದೆಯೆಂದು ಖಚಿತವಾದ ಮೇಲೆ ರಿಮ್ಮನ್ನು ಹಿಡಿದು ಪಕ್ಕಕ್ಕೆ ಅಲುಗಿಸಿರಿ. ಕಟಕಟನೆ ಅಲುಗಿದರೆ ಕೋನ್ ಸಡಿಲವಾಗಿದೆ. ಅಲುಗದೆ ಚಕ್ರವೂ ಬಿಗಿಯಾಗಿ ತಿರುಗಿದರೆ ಅದು ಅತಿಯಾಗಿ ಬಿಗಿದಿದೆ. ಎರಡೂ ಹಾನಿಕರ. ಬಳಿಕ ಚಕ್ರವನ್ನು ಕಳಚಿ, ಅಚ್ಚನ್ನು ಬೆರಳುಗಳಿಂದ ತಿರುಗಿಸಿ ನೋಡಿರಿ. ಮರಳು ಸಿಕ್ಕಿದಂತೆ ಒರಟಾಗಿದ್ದರೆ ಹಬ್ಬನ್ನು ಬಿಚ್ಚಿ, ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಹೊಸ ಗ್ರೀಸು ಹಾಕಿ ಜೋಡಿಸಿರಿ. ಒರಟು ಹೋದರೆ ಕಾರಣ ಕೊಳೆ; ಉಳಿದರೆ ಕಾರಣ ಹಳ್ಳ. ಹಳ್ಳ ಬಿದ್ದ ಕೋನನ್ನು ಬದಲಿಸಲೇಬೇಕು. ಗುಂಡುಗಳನ್ನು ಒಂದೆರಡರಂತೆ ಬದಲಿಸಬಾರದು; ಸವೆದವುಗಳ ನಡುವೆ ತುಸು ದೊಡ್ಡದಾದ ಹೊಸ ಗುಂಡೇ ಭಾರವನ್ನೆಲ್ಲ ಹೊರಬೇಕಾಗುವುದು. ಜಾಗವಿದೆಯೆಂದು ಹತ್ತನೆಯ ಗುಂಡನ್ನು ತುರುಕಲೂ ಬಾರದು. ಲಾಕ್‌ನಟ್ಟನ್ನು ಬಿಗಿಯುವಾಗ ಕೋನ್ ಸ್ವಲ್ಪ ಸರಿಯುವುದುಂಟು. ಆದುದರಿಂದ ಬಿಗಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿರಿ. ಮುಚ್ಚಿದ ಬೇರಿಂಗುಗಳುಳ್ಳ ಈಚಿನ ಸೈಕಲ್ಲುಗಳಲ್ಲಿ ಬೇರಿಂಗನ್ನು ಇಡಿಯಾಗಿ ಬದಲಿಸುವರು. ಆದರೂ ದೋಷವನ್ನು ಹುಡುಕುವ ಕ್ರಮ ಇದೇ.

ಒಂದು ಸಲಕ್ಕೆ ಒಂದೇ ಅಂಶವನ್ನು ಬೇರ್ಪಡಿಸಿ ನೋಡುವುದೇ ಆ ಕ್ರಮ. ಪ್ರಯೋಗಶಾಲೆಯಲ್ಲಿ ಇದನ್ನು ಕಲಿತಿದ್ದ ನಾನು ಸೈಕಲ್ಲಿನ ಮುಂದೆ ಮರೆತೆನು. ಓದುಗರು ನನ್ನಂತೆ ತಿಂಗಳುಗಟ್ಟಲೆ ಕಾಯದೆ, ಮಳೆಗಾಲ ಮುಗಿದೊಡನೆ ಒಂದು ಭಾನುವಾರ ತಮ್ಮ ಸೈಕಲ್ಲನ್ನು ತಲೆಕೆಳಗಾಗಿಸಿ, ಒಂದು ಕೋಲು ಹಿಡಿದು ಆಲಿಸಿ ನೋಡಲಿ.