ಬೇವಿನ ಮರ ಕಡಿಯುವ ಮುನ್ನ ಹಿತ್ತಲನ್ನೊಮ್ಮೆ ನೋಡಿ

ಕಳೆದ ಮಳೆಗಾಲದಲ್ಲಿ ಗುತ್ತಲದ ಹಳೆಯ ಓಣಿಯೊಂದರ ಮನೆಗೆ ಹೋಗಿದ್ದೆ. ಆ ಮನೆಯ ಒಂಬತ್ತು ವರ್ಷದ ಹುಡುಗ ಡೆಂಗ್ಯೂನಿಂದ ಐದು ದಿನ ಆಸ್ಪತ್ರೆಯಲ್ಲಿದ್ದು, ಅಲ್ಲಾಹನ ದಯೆಯಿಂದ ಗುಣವಾಗಿ ಮನೆಗೆ ಬಂದಿದ್ದ. ಅವನ ಊಟ, ಪಥ್ಯದ ಬಗ್ಗೆ ಹೇಳಲು ಹೋದವನಿಗೆ ಹಿತ್ತಲಲ್ಲಿ ಕೊಡಲಿ, ಹಗ್ಗ ಹಿಡಿದ ಇಬ್ಬರು ಕೂಲಿಯವರು ಕಂಡರು. ಬೇವು, ಪೇರಲ, ಲಿಂಬೆ, ಬಾಳೆ, ಮೆಹಂದಿಯ ಬೇಲಿ, ಎಲ್ಲವನ್ನೂ ತೆಗೆಸಿ ಸಿಮೆಂಟ್ ಹಾಕಿಸಲು ಹುಡುಗನ ತಂದೆ ತೀರ್ಮಾನಿಸಿದ್ದರು.

"ಸೊಳ್ಳಿ ಎಲ್ಲಾ ಈ ಗಿಡದಾಗ ಅದಾವ್ರಿ ಡಾಕ್ಟ್ರ. ಕಾಂಕ್ರೀಟ್ ಹಾಕಸಿಬಿಟ್ರ ಒಂದ ಸಲಕ್ಕ ಮುಗೀತೈತಿ" ಎಂದರು.

ಪಡಸಾಲೆಯಲ್ಲಿ ಕುಳಿತಿದ್ದ ಅವರ ತಾಯಿ ನನ್ನ ಕಡೆ ತಿರುಗಿ, "ಬೇಟಾ, ನಾ ಮದುವಿ ಆಗಿ ಈ ಮನಿಗೆ ಬಂದಾಗೂ ಈ ಬೇವಿನ ಗಿಡ ಇತ್ತು. ಇಷ್ಟ ವರ್ಷ ಯಾರಿಗೂ ಜ್ವರಾ ತರಲಿಲ್ಲ. ಈಗ ಯಾಕ ತಂತು ಕೇಳು" ಎಂದರು.

ಇಬ್ಬರ ಮಾತಿಗೂ ಉತ್ತರ ಹಿತ್ತಲಲ್ಲೇ ಇತ್ತು. ಅರ್ಧ ಗಂಟೆ ಸಮಯ ಕೇಳಿ, ಬ್ಯಾಟರಿ ಹಿಡಿದು ತಂದೆ, ಮಗನೊಂದಿಗೆ ಒಂದು ಸುತ್ತು ಹಾಕಿದೆ. ಎಮ್ಮೆ ಮಾರಿದ ಮೇಲೆ ಯಾರೂ ಮುಟ್ಟದ ಕಲ್ಲಿನ ದೋಣಿಯಲ್ಲಿ ಮಳೆನೀರು ತುಂಬಿತ್ತು. ಅದರಲ್ಲಿ ಸೊಳ್ಳೆಯ ಮರಿಗಳು ಕುಣಿಯುತ್ತಿದ್ದವು. ಹೊರಗೆ ಎಸೆದಿದ್ದ ಹಳೆಯ ಒಳಕಲ್ಲಿನ ಕುಳಿಯಲ್ಲಿ, ಬೈಕಿನ ಟೈರಿನಲ್ಲಿ, ಮುಚ್ಚಳವಿಲ್ಲದ ಪ್ಲಾಸ್ಟಿಕ್ ಡ್ರಮ್ಮಿನಲ್ಲೂ ಇದ್ದವು. ಬೇವಿನ ಮರದ ಪೊಟರೆ ಒಣಗಿತ್ತು. ಅಲ್ಲಿ ಒಂದೂ ಇರಲಿಲ್ಲ. ಕೊಡಲಿ ಹಿಡಿದಿದ್ದು ಮರಕ್ಕೆ, ತಪ್ಪು ಮಾಡಿದ್ದು ದೋಣಿ.

ನಮ್ಮ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯ ಹಳೆಯ ಕಲ್ಲುಮಣ್ಣಿನ ಮನೆಗಳಲ್ಲಿ ಈಗ ಹೀಗೇ ನಡೆಯುತ್ತಿದೆ. ಹಿರಿಯರು ಬೆಳೆಸಿದ ಹಿತ್ತಲನ್ನು ನೋಡಿಕೊಳ್ಳುವವರಿಲ್ಲ. ಅದು ಪಾಳು ಬೀಳುತ್ತದೆ, ಕಾಯಿಲೆ ಬರುತ್ತದೆ, ಆಗ ಗಿಡಗಳಿಗೇ ಶಿಕ್ಷೆ. ಹಳೆಯ ಹಿತ್ತಲಿಗೆ ಹೊಸ ಗಿಡ ಬೇಕಿಲ್ಲ, ದೊಡ್ಡ ಖರ್ಚೂ ಬೇಕಿಲ್ಲ. ವಾರಕ್ಕೊಮ್ಮೆ, ವರ್ಷಕ್ಕೊಮ್ಮೆ ಮಾಡುವ ಕೆಲವು ಕೆಲಸಗಳು ಬೇಕು, ಅಷ್ಟೇ.

ಮರ ಏಕೆ ಉಳಿಯಬೇಕು?

ಯುನಾನಿ ವೈದ್ಯದಲ್ಲಿ ಆರೋಗ್ಯವನ್ನು ಕಾಯುವ ಆರು ಅಗತ್ಯ ಕಾರಣಗಳನ್ನು ಹೇಳಿದೆ. ಇವನ್ನು ಅಸ್ಬಾಬೆ ಸಿತ್ತಾ ಝರೂರಿಯಾ ಎನ್ನುತ್ತೇವೆ. ಅವುಗಳಲ್ಲಿ ಮೊದಲನೆಯದು ನಮ್ಮನ್ನು ಸುತ್ತುವರಿದ ಗಾಳಿ. ಆಮೇಲೆ ಆಹಾರ ಮತ್ತು ಪಾನೀಯ, ದೇಹದ ಶ್ರಮ ಮತ್ತು ವಿಶ್ರಾಂತಿ, ಮನಸ್ಸಿನ ಶ್ರಮ ಮತ್ತು ವಿಶ್ರಾಂತಿ, ನಿದ್ರೆ ಮತ್ತು ಎಚ್ಚರ, ದೇಹದಿಂದ ಹೊರಹೋಗಬೇಕಾದುದು ಮತ್ತು ಉಳಿಯಬೇಕಾದುದು. ಗಾಳಿ, ನೀರು, ನೆಲ ನೋಡಿ ಊರಿನ ಕಾಯಿಲೆಯನ್ನು ತಿಳಿಯಬೇಕೆಂದು ಬುಖ್ರಾತ್ (ಹಿಪ್ಪೊಕ್ರೆಟಿಸ್) ಕಾಲದಿಂದಲೂ ನಮ್ಮ ವೈದ್ಯರು ಕಲಿತು ಬಂದಿದ್ದಾರೆ.

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಸಿಮೆಂಟ್ ಹಾಕಿದ ಅಂಗಳದಲ್ಲಿ ಬರಿಗಾಲಲ್ಲಿ ನಿಂತು ನೋಡಿ, ಆಮೇಲೆ ಬೇವಿನ ನೆರಳಿಗೆ ಬನ್ನಿ. ಸಿಮೆಂಟ್ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಆ ಕಾವನ್ನು ಮನೆಯೊಳಗೆ ಬಿಡುತ್ತದೆ. ನಿದ್ದೆ ಕೆಡುತ್ತದೆ. ವಯಸ್ಸಾದವರಿಗೆ, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಸಣ್ಣ ವಿಷಯವಲ್ಲ. ಮಳೆ ಬಂದರೆ ನೀರು ಇಂಗಲು ಜಾಗವಿಲ್ಲದೆ ಹೊಸ್ತಿಲ ಕಡೆ ಹರಿಯುತ್ತದೆ. ಹಕ್ಕಿಯೋ ಮನುಷ್ಯನೋ ಪ್ರಾಣಿಯೋ ತಿಂದರೂ ಗಿಡ ನೆಟ್ಟವನಿಗೆ ಅದು ಸದಕಾ ಎಂಬ ಪ್ರವಾದಿವರ್ಯರ(ಸ) ಬೋಧನೆ ನಮಗೆಲ್ಲ ಗೊತ್ತು. ತಾತ ಮುತ್ತಾತಂದಿರು ನೆಟ್ಟದ್ದನ್ನು ಕಾಯುವುದು ನಮ್ಮ ಪಾಲಿಗೆ ಬಂದ ಕೆಲಸ.

ಶುಕ್ರವಾರದ ಕೆಲಸ

ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆ ಗಟಾರದ ಕೊಳಕು ನೀರಿಗಿಂತ ಮನೆಯ ಸುತ್ತ ನಿಂತ ತಿಳಿನೀರನ್ನೇ ಹೆಚ್ಚು ಹುಡುಕುತ್ತದೆ. ಕಚ್ಚುವುದು ಹಗಲು ಹೊತ್ತಿನಲ್ಲಿ. ಮೊಟ್ಟೆ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ಅಂದರೆ ವಾರಕ್ಕೊಮ್ಮೆ ನೀರು ಚೆಲ್ಲಿದರೆ ಆ ಸರಪಳಿ ತುಂಡಾಗುತ್ತದೆ. ನಮಗೆ ಶುಕ್ರವಾರ ನೆನಪಿಡುವುದು ಸುಲಭ. ಜುಮಾ ನಮಾಝಿನ ಸ್ನಾನಕ್ಕೆ ಮುಂಚೆ ಮನೆಯ ಹುಡುಗರೊಬ್ಬರು ಹಿತ್ತಲಲ್ಲಿ ಹದಿನೈದು ನಿಮಿಷ ಸುತ್ತಲಿ.

• ದೋಣಿ, ಡ್ರಮ್, ಕುಂಡದ ಕೆಳಗಿನ ತಟ್ಟೆ, ಕೋಳಿಗೆ ನೀರಿಡುವ ಬಟ್ಟಲು, ಫ್ರಿಜ್ ಹಿಂದಿನ ಟ್ರೇ ಖಾಲಿ ಮಾಡಿ. ಚೆಲ್ಲಿದರೆ ಸಾಲದು, ಒಳಗಿನ ಗೋಡೆಯನ್ನು ನಾರಿನಿಂದ ಉಜ್ಜಬೇಕು. ಅಂಟಿಕೊಂಡ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕುತ್ತವೆ.
• ಟೈರು, ಒಡೆದ ಮಡಕೆ, ತೆಂಗಿನ ಚಿಪ್ಪು ಹಿತ್ತಲಲ್ಲಿ ಬೇಡವೇ ಬೇಡ.
• ಮರದ ಪೊಟರೆಯಲ್ಲಿ ನೀರು ನಿಂತರೆ ಮರಳು ತುಂಬಿ.
• ಹಳೆಯ ಬಾವಿಯಿದ್ದರೆ ಜಾಳಿಗೆ ಮುಚ್ಚಿ. ಕಸ ಹಾಕುವ ಗುಂಡಿ ಮಾಡಬೇಡಿ. ಮರಿ ತಿನ್ನುವ ಗಪ್ಪಿ ಮೀನು ಬಿಡಲು ಆರೋಗ್ಯ ಇಲಾಖೆಯವರನ್ನು ಕೇಳಿ.

2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಮನೆಗಳಿಗೆ ಪಟ್ಟಣದಲ್ಲಿ 400, ಹಳ್ಳಿಯಲ್ಲಿ 200 ರೂಪಾಯಿ ದಂಡ ಇಟ್ಟಿತು. ದಂಡಕ್ಕಿಂತ ಆಸ್ಪತ್ರೆಯ ಬಿಲ್ಲು ದೊಡ್ಡದು ಎಂಬುದು ಆ ಮನೆಯವರಿಗೆ ಗೊತ್ತಾಗಿದೆ.

ಮಿರಗ ಮಳೆಗೆ ಮುಂಚೆ

ಹುಡುಗನ ತಂದೆಯ ಮಾತು ಪೂರ್ತಿ ಸುಳ್ಳೂ ಅಲ್ಲ. ಮರಿ ಬೆಳೆಯುವುದು ನೀರಿನಲ್ಲಾದರೂ ಬೆಳೆದ ಸೊಳ್ಳೆಗಳು ಕತ್ತಲು, ತಂಪು ಇರುವ ಒತ್ತಾದ ಪೊದೆಯಲ್ಲಿ ಕೂರುತ್ತವೆ. ಅದಕ್ಕೆ ಬೇಕಾದದ್ದು ಕೊಡಲಿಯಲ್ಲ, ಕತ್ತರಿ. ಜೂನ್ ಮೊದಲ ವಾರದೊಳಗೆ ಈ ಕೆಲಸ ಮುಗಿಯಲಿ.

ಮೆಹಂದಿ ಬೇಲಿಯನ್ನು ಎದೆಮಟ್ಟಕ್ಕೆ ಕತ್ತರಿಸಿ, ಬುಡದಲ್ಲಿ ನೆಲದಿಂದ ಒಂದು ಅಡಿ ಸ್ವಚ್ಛ ಮಾಡಿ, ಗಾಳಿ ಬೆಳಕು ಆಡಲಿ. ಲಿಂಬೆ, ದಾಳಿಂಬೆಯ ಬುಡದಿಂದ ನೆಟ್ಟಗೆ ಏಳುವ ಚಿಗುರುಗಳನ್ನು ತೆಗೆಯಿರಿ. ಬೇವಿನಲ್ಲಿ ಒಣಗಿದ ಕೊಂಬೆ, ಮಾಳಿಗೆಯ ಮೇಲೆ ಚಾಚಿದ ಕೊಂಬೆ ಮಾತ್ರ ಕಡಿಸಿ. ದಪ್ಪ ಕೊಂಬೆಗೆ ಮೊದಲು ಕೆಳಗಿನಿಂದ ಅರೆಗಚ್ಚು ಹಾಕಿ ಆಮೇಲೆ ಮೇಲಿನಿಂದ ಕೊಯ್ದರೆ ಕಾಂಡದ ತೊಗಟೆ ಸೀಳುವುದಿಲ್ಲ. ಮರದ ನೆತ್ತಿಯನ್ನೇ ಬೋಳಿಸಬೇಡಿ. ಸಿಮೆಂಟ್ ಹಾಕಿಸಲೇಬೇಕಾದರೆ ಬುಡದ ಸುತ್ತ ಮೂರಡಿಯಾದರೂ ಮಣ್ಣು ಬಿಡಿ.

ಮಾಳಿಗೆಯ ನೀರು ಬೀಳುವ ಜಾಗದಿಂದ ಕಾಲುವೆ ತೆಗೆದು ನೀರನ್ನು ಗೋಡೆಯಿಂದ ದೂರ ಹರಿಸಿ. ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಗೋಡೆಗೆ ಹತ್ತಿಕೊಂಡೇ ಮಡಿ ಮಾಡಿ ನೀರು ಹಾಯಿಸಿದರೆ ಬುನಾದಿಗೆ ಪೆಟ್ಟು, ಒಳಗೋಡೆಗೆ ತೇವ. ತೇವದ ಗೋಡೆಯ ಬೂಷ್ಟು ದಮ್ಮಿನವರ ಶತ್ರು. ಗೋಡೆಯ ಸಂದಿನಲ್ಲಿ ಹಕ್ಕಿ ಹಾಕಿದ ಬೀಜದಿಂದ ಅರಳಿ, ಆಲದ ಸಸಿ ಎದ್ದರೆ ಬೆರಳುದ್ದ ಇರುವಾಗಲೇ ಬೇರುಸಮೇತ ಕೀಳಿ. ಮೇಲೆ ಮಾತ್ರ ಚಿವುಟಿದರೆ ಬೇರು ಒಳಗೆ ಬಲಿತು ಕಲ್ಲನ್ನೇ ಸರಿಸುತ್ತದೆ.

ಮಳೆ ಬಿದ್ದ ಮೇಲೆ ಕಾಂಗ್ರೆಸ್ ಕಸ ಏಳುತ್ತದೆ. ಇದು ಮೈತುರಿ ಮತ್ತು ದಮ್ಮು ತರುವ ಗಿಡ. ನೆಲ ಹಸಿ ಇರುವಾಗ, ಹೂ ಬಿಡುವ ಮೊದಲು, ಕೈಗೆ ಚೀಲ ಹಾಕಿಕೊಂಡು ಕೀಳಿ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಉದುರಿದ ಎಲೆಗಳನ್ನು ಸುಡಬೇಡಿ. ಒಂದು ಮೂಲೆಯಲ್ಲಿ ಗುಂಡಿ ತೆಗೆದು ಕೊಳೆಸಿದರೆ ಗೊಬ್ಬರ, ಸುಟ್ಟರೆ ಪಕ್ಕದ ಮನೆಯ ಕೂಸಿಗೆ ಕೆಮ್ಮು. ಸೊಳ್ಳೆಗೆಂದು ಬೇವಿನ ಸೊಪ್ಪಿನ ಹೊಗೆ ಹಾಕುವ ಮನೆಗಳಲ್ಲೂ ದಮ್ಮಿನವರಿದ್ದರೆ ಅದನ್ನು ನಿಲ್ಲಿಸಿ.

ಹಾವು, ಚೇಳು

ಹಾವು ಬರುವುದು ಇಲಿಗಾಗಿ. ಇಲಿ ಬರುವುದು ಚೆಲ್ಲಿದ ಕಾಳು, ಕಟ್ಟಿಗೆ ರಾಶಿ, ಕಲ್ಲುಗುಪ್ಪೆಗಾಗಿ. ಕಟ್ಟಿಗೆಯನ್ನು ಮನೆಯ ಗೋಡೆಗೆ ತಾಗಿಸದೆ, ನೆಲದಿಂದ ಒಂದಡಿ ಎತ್ತರದಲ್ಲಿಡಿ. ಹಳೆಯ ಕಲ್ಲುಗೋಡೆಯ ಸಂದುಗಳನ್ನು ಸುಣ್ಣದ ಗಾರೆಯಿಂದ ಮುಚ್ಚಿಸಿ. ಸಿಮೆಂಟಿಗಿಂತ ಸುಣ್ಣ ಮೇಲು, ಗೋಡೆಯೊಳಗಿನ ತೇವ ಹೊರಗೆ ಹೋಗಲು ದಾರಿ ಬಿಡುತ್ತದೆ. ಫಜ್ರ್ ಹೊತ್ತಿಗೆ ವುಝೂಗೆಂದು ಹಿತ್ತಲಿಗೆ ಹೋಗುವ ಹಿರಿಯರ ಕೈಯಲ್ಲಿ ಬ್ಯಾಟರಿ, ಕಾಲಲ್ಲಿ ಚಪ್ಪಲಿ ಇರಲಿ.

ಹಾವು ಕಚ್ಚಿದರೆ ಕೊಯ್ಯುವುದು, ಚೀಪುವುದು, ಬಿಗಿಯಾಗಿ ಕಟ್ಟುವುದು, ಬೇರು ಅರೆದು ಹಚ್ಚುವುದು ಯಾವುದೂ ಬೇಡ. ಕಚ್ಚಿದ ಅಂಗ ಅಲುಗಾಡದಂತೆ ಇಟ್ಟು ನೇರ ಆಸ್ಪತ್ರೆಗೆ ಹೋಗಿ. ವಿಷನಿರೋಧಕ ಇಂಜೆಕ್ಷನ್ ಒಂದೇ ಅದಕ್ಕೆ ಮದ್ದು. ನಾನು ಯುನಾನಿ ವೈದ್ಯನಾಗಿಯೇ ಈ ಮಾತು ಹೇಳುತ್ತಿದ್ದೇನೆ. ಚೇಳು ಕುಟುಕಿದ ಮಗು ಬೆವರುತ್ತಿದ್ದರೆ, ವಾಂತಿ ಮಾಡಿಕೊಂಡರೆ, ಕೈಕಾಲು ತಣ್ಣಗಾದರೆ ಅದಕ್ಕೂ ಆಸ್ಪತ್ರೆಯೇ.

ಹಿತ್ತಲ ಗಿಡ ಮದ್ದೇ?

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ಹತ್ತಿರದ್ದಕ್ಕೆ ಬೆಲೆಯಿಲ್ಲ ಎಂಬ ಅರ್ಥದಲ್ಲಿ ಹೇಳುತ್ತೇವೆ. ನಾನು ಅದನ್ನು ಎಚ್ಚರಿಕೆಯಾಗಿಯೂ ಹೇಳುತ್ತೇನೆ. ಪುದೀನಾ, ಕರಿಬೇವು, ನುಗ್ಗೆಸೊಪ್ಪು, ಲಿಂಬೆ ಆಹಾರವಾಗಿ ದಿನವೂ ಒಳ್ಳೆಯದು. ಬೇವಿನ ಕಡ್ಡಿಯ ಮಿಸ್ವಾಕ್ ಹಲ್ಲಿಗೆ ಒಳ್ಳೆಯದು. ಆದರೆ ಬೇವಿನ ಎಣ್ಣೆಯನ್ನು ಕೂಸುಗಳಿಗೆ ಕುಡಿಸಬಾರದು. ಹಾಗೆ ಕುಡಿಸಿ ಫಿಟ್ಸ್ ಬಂದು ಪ್ರಾಣಕ್ಕೆ ಕುತ್ತಾದ ಪ್ರಕರಣಗಳಿವೆ. ಡೆಂಗ್ಯೂ ಬಂದಾಗ ಪಪ್ಪಾಯಿ ಎಲೆಯ ರಸ ನಂಬಿ ಮನೆಯಲ್ಲಿ ಕೂರಬೇಡಿ. ಆಸ್ಪಿರಿನ್, ಐಬುಪ್ರೊಫೆನ್ ಮಾತ್ರೆ ಕೊಡಬೇಡಿ. ಜ್ವರ ಇಳಿಯುವ ಹೊತ್ತಿನಲ್ಲಿ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ತಡಮಾಡದೆ ಹೊರಡಿ.

ಹಳೆಯ ಹಿತ್ತಲುಗಳಲ್ಲಿ ವಿಷದ ಗಿಡಗಳೂ ಇರುತ್ತವೆ. ಕಣಗಿಲ, ಅದರಲ್ಲೂ ಹಳದಿ ಕಣಗಿಲದ ಬೀಜ, ಹೃದಯದ ಬಡಿತವನ್ನೇ ಕೆಡಿಸುತ್ತದೆ. ಅದರ ಕಡ್ಡಿಯಿಂದ ಹಲ್ಲುಜ್ಜಬಾರದು, ಕಬಾಬ್ ಪೋಣಿಸಬಾರದು. ಮದಗುಣಿಕೆ, ಔಡಲ, ಗುಲಗಂಜಿಯ ಬೀಜಗಳು ಮಕ್ಕಳ ಬಾಯಿಗೆ ಹೋಗಬಾರದು. ಪುಟ್ಟ ಮಕ್ಕಳಿರುವ ಮನೆಯಲ್ಲಿ ಕಿತ್ತುಹಾಕಬೇಕಾದರೆ ಇವನ್ನು ಕೀಳಿ, ಬೇವನ್ನಲ್ಲ.

ವುಝೂ ನೀರು ಮತ್ತು ಬಕ್ರೀದ್

ವುಝೂ ಮಾಡಿದ ನೀರಿನಲ್ಲಿ ಸೋಪಿಲ್ಲ. ಅದನ್ನು ಬಕೀಟಿನಲ್ಲಿ ಹಿಡಿದು ಪುದೀನಾ, ಲಿಂಬೆಗೆ ಹಾಕಿ. ಐದು ಹೊತ್ತಿನ ನೀರು ಸಣ್ಣ ಹಿತ್ತಲಿಗೆ ಬೇಸಿಗೆಯಲ್ಲಿ ದೊಡ್ಡ ಆಸರೆ. ಬಚ್ಚಲ ನೀರು ಬಾಳೆಗೆ ಹೋಗಲಿ, ಆದರೆ ಒಂದೇ ಕಡೆ ನಿಂತು ಕೊಳೆಯದಿರಲಿ. ವಾಷಿಂಗ್ ಮಷಿನ್ ನೀರು ಮಾತ್ರ ಬೇಡ. ಡಿಟರ್ಜೆಂಟಿನ ಸೋಡಿಯಂ ಎರೆಮಣ್ಣನ್ನು ಬಿಗಿ ಮಾಡಿ, ನೀರು ಇಂಗದಂತೆ ಮಾಡುತ್ತದೆ.

ಈಚೆಗೆ ಬಕ್ರೀದ್ ಮಳೆಗಾಲದ ಬಾಗಿಲಲ್ಲೇ ಬರುತ್ತಿದೆ. 2024ರಲ್ಲಿ ಜೂನ್ 17, 2025ರಲ್ಲಿ ಜೂನ್ 7. ಕುರ್ಬಾನಿಯ ರಕ್ತ, ತ್ಯಾಜ್ಯ ಗಟಾರಕ್ಕೆ ಹೋದರೆ ಓಣಿಗೆಲ್ಲ ನೊಣ, ನಾಯಿ, ದುರ್ವಾಸನೆ. ಊರಿನಲ್ಲಿ ಅದಕ್ಕೆ ವ್ಯವಸ್ಥೆ ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಬಾವಿ, ಬೋರ್‌ವೆಲ್ಲಿನಿಂದ ಐವತ್ತು ಅಡಿಯಾದರೂ ದೂರದಲ್ಲಿ ಆಳವಾದ ಗುಂಡಿ ತೆಗೆದು, ತ್ಯಾಜ್ಯದ ಮೇಲೆ ಸುಣ್ಣ ಚೆಲ್ಲಿ, ಎರಡಡಿ ಮಣ್ಣು ಮುಚ್ಚಿ, ಮೇಲೆ ಕಲ್ಲು ಹೇರಿ.

ಆ ಮನೆಯ ಬೇವು ಈಗಲೂ ಇದೆ. ಮಾಳಿಗೆಯ ಮೇಲಿದ್ದ ಒಂದು ಒಣಕೊಂಬೆ ಮಾತ್ರ ಹೋಯಿತು. ಕಲ್ಲಿನ ದೋಣಿಗೆ ತಳದಲ್ಲಿ ತೂತು ಕೊರೆಸಿ, ಮಣ್ಣು ತುಂಬಿ, ಅಜ್ಜಿ ಅದರಲ್ಲಿ ಪುದೀನಾ ಹಚ್ಚಿದ್ದಾರೆ. ಶುಕ್ರವಾರದ ಸುತ್ತಿನ ಜವಾಬ್ದಾರಿ ಜ್ವರದಿಂದ ಎದ್ದ ಹುಡುಗನದೇ. ಮೊನ್ನೆ ಹೋದಾಗ ಕೈಯಲ್ಲಿ ಬ್ಯಾಟರಿ ಹಿಡಿದು ನನ್ನನ್ನು ಹಿತ್ತಲಿಗೆ ಕರೆದೊಯ್ದು, "ಡಾಕ್ಟ್ರ ಅಂಕಲ್, ಎಲ್ಲಾ ಒಣಾ ಐತಿ, ನೋಡ್ರಿ" ಎಂದು ತೋರಿಸಿದ.